ಗಡಿಗೆಪ್ಪನ ಟೊಮಹಾಕ್

ಕೆಟ್ಟ ಕಾಲ ಬಂದವನನ್ನು ಕಚ್ಚಲು ಹಾವೇ ಬೇಕೆಂದಿಲ್ಲ, ಹಗ್ಗ ಸಾಕು ಎನ್ನುತ್ತಾರೆ. ನಮ್ಮ ಗಡಿಗೆಪ್ಪನಿಗೆ ಹಗ್ಗವೂ ಬೇಕಾಗಲಿಲ್ಲ. ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವೇ ಕಚ್ಚಿತು.

ಎಪ್ಪತ್ತೆಂಟನೇ ಇಸವಿಯ ಮಾತು. ನಾನೂ ಅವನೂ ದೇವದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಎದುರುಬದುರು ಕೂರುವ ಗುಮಾಸ್ತರು. ಅವನ ಹೆಂಡತಿ ದುರುಗಮ್ಮ ರಾಯಚೂರಿನವಳು. ಆ ಊರು ಬಿಟ್ಟು ಎಲ್ಲಿಗೂ ಬರುವವಳಲ್ಲ. ಗಡಿಗೆಪ್ಪ ವಾರವಿಡೀ ದೇವದುರ್ಗದಲ್ಲಿ ಯಮನಮ್ಮನೆಂಬ ಮುದುಕಿಯ ಬಾಡಿಗೆ ಕೋಣೆಯಲ್ಲಿ ಸೀದ ಅನ್ನ ತಿಂದುಕೊಂಡಿದ್ದು, ಶನಿವಾರ ಬಸ್ಸು ಹತ್ತಿ ಹೆಂಡತಿಯ ಬೈಗುಳ ತಿನ್ನಲು ರಾಯಚೂರಿಗೆ ಹೋಗುತ್ತಿದ್ದ. "ಇಲ್ಲಿಗೆ ವರ್ಗಾ ಮಾಡಿಸ್ಕೊಂಡು ಬರಾಕ ಆಗಲ್ದಂಥ ಗಂಡ ಇದ್ರೆಷ್ಟು, ಬಿಟ್ರೆಷ್ಟು" ಎಂಬುದು ಆಕೆಯ ವಾರವಾರದ ಮಂತ್ರ. ಅಷ್ಟರಲ್ಲಿ ರಾಯಚೂರಿನ ದೊಡ್ಡ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಅದರ ಮೇಲೆ ಗಡಿಗೆಪ್ಪನ ಕಣ್ಣು ಬಿತ್ತು. ನನ್ನದೂ ಬಿದ್ದಿತ್ತು. ಇದನ್ನು ಈಗಲೇ ಹೇಳಿಬಿಡುವುದು ಲೇಸು, ಇಲ್ಲದಿದ್ದರೆ ಈ ಸಾಬಣ್ಣ ಮುಚ್ಚಿಟ್ಟ ಎಂದು ನೀವು ಆಮೇಲೆ ಅಂದೀರಿ.

ಆ ಕುರ್ಚಿ ಯಾರಿಗೆ ಎಂದು ಹೇಳಬೇಕಾದವರು ನಮ್ಮ ಹೊಸ ಸಾಹೇಬರು. ಮೈಸೂರು ಕಡೆಯವರು. ಬಂದ ದಿನವೇ ಕುತ್ತಿಗೆಗೆ ದುರ್ಬೀನು ಕಟ್ಟಿಕೊಂಡು ಬಂದರು. ಬೇಟೆ ನಿಂತು ವರ್ಷಗಳಾಗಿದ್ದವು, ಆದರೆ ಬೇಟೆಯ ಟೋಪಿಯನ್ನು ನಿಲ್ಲಿಸುವ ಕಾಯಿದೆ ಇನ್ನೂ ಬಂದಿರಲಿಲ್ಲ. ಅದನ್ನು ಹಾಕಿಕೊಂಡೇ ಫೈಲಿಗೆ ಸಹಿ ಮಾಡುತ್ತಿದ್ದರು.

"ಕುರ್ಚಿಗೆ ಅಂಟ್ಕೊಂಡಿರೋ ಗುಮಾಸ್ತ ನನಗೆ ಬೇಡಪ್ಪ" ಎಂದು ಒಂದು ದಿನ ನಮ್ಮನ್ನೆಲ್ಲ ನಿಲ್ಲಿಸಿ ಭಾಷಣ ಕೊಟ್ಟರು. "ಹೊಳೆ, ಕಾಡು, ಗುಡಾರ ಅಂದ್ರೆ ಎದ್ದು ಬರೋ ಗಂಡಸು ಬೇಕು. ಮುಂದಿನ ತಿಂಗಳು ಗೂಗಲ್ ಹತ್ರ ಕೃಷ್ಣಾ ದಂಡೆ ಮೇಲೆ ಕ್ಯಾಂಪ್ ಹಾಕ್ತೀನಿ. ರಾಯಚೂರಿಗೆ ಯಾರು ಹೋಗ್ಬೇಕು ಅನ್ನೋದು ಅಲ್ಲಿ ಗೊತ್ತಾಗುತ್ತೆ."

ಕುರ್ಚಿ ಕೊಡುವುದಕ್ಕೆ ಕುರ್ಚಿಯಲ್ಲಿ ಕೂರದವನನ್ನು ಹುಡುಕುವ ಬುದ್ಧಿವಂತಿಕೆ ಸರ್ಕಾರಕ್ಕೆ ಮಾತ್ರ ಉಂಟು.

ಆ ಶನಿವಾರವೇ ರಾಯಚೂರಿನ ಬಸ್ ನಿಲ್ದಾಣದಲ್ಲಿ ಭಜಿಯ ಕಾಗದ ಗಡಿಗೆಪ್ಪನ ಕೈಗೆ ಬಂದದ್ದು. ಯಾವುದೋ ಇಂಗ್ಲಿಷ್ ಪುಸ್ತಕದ ಹಾಳೆ. ಅದರಲ್ಲಿ ಗರಿ, ಗೊಂಡೆ ಕಟ್ಟಿದ ಒಂದು ಸಣ್ಣ ಕೊಡಲಿಯ ಚಿತ್ರ. ಸೋಮವಾರ ಅದನ್ನು ನನ್ನ ಮೇಜಿನ ಮೇಲೆ ಹರವಿದ. ಎಣ್ಣೆಯ ಕಲೆ ನನ್ನ ಫೈಲಿಗೂ ಹತ್ತಿತು.

"ನೋಡಲೇ ಸಾಬಣ್ಣ, ಇದಕ್ಕ ಟೊಮಹಾಕ್ ಅಂತಾರ. ಅಮೆರಿಕಾದ ಕಾಡಿನ ಮಂದಿ ಇದನ್ನ ಸೊಂಟಕ್ಕ ಸಿಗಿಸ್ಕೊಂಡ ಅಡ್ಯಾಡ್ತಾರ. ಕಡಿಯಾಕೂ ಬರ್ತದ, ಎಸಿಯಾಕೂ ಬರ್ತದ."

"ಕೊಡ್ಲಿ ಅಲ್ಲೇನಲೇ ಇದು?"

"ಕೊಡ್ಲಿ ಅನ್ನಬ್ಯಾಡ" ಎಂದು ಕಾಗದ ಮಡಚಿಕೊಂಡ. "ಕೊಡ್ಲಿ ನಿಮ್ಮನ್ಯಾಗಿರ್ತದ. ಕ್ಯಾಂಪಿನ್ಯಾಗ ಇದನ್ನ ಸೊಂಟದಿಂದ ತಗದೆ ಅಂದ್ರ ಸಾಹೇಬ್ರು ಅಲ್ಲೇ ಆರ್ಡರ್ ಬರೀತಾರ ನೋಡು."

ನನಗೆ ನಗಲು ಧೈರ್ಯ ಬರಲಿಲ್ಲ. ಯಾಕೆಂದರೆ ಆ ಮಾತು ನಿಜವಾಗುವ ಸಂಭವವಿತ್ತು. ನಮ್ಮ ಸಾಹೇಬರು ಅಂಥವರೇ.

ಅಲ್ಲಿಂದ ಶುರುವಾಯಿತು ಟೊಮಹಾಕಿನ ಆಯ್ಕೆ. ಹೆಣ್ಣು ನೋಡಲು ಹೋದಾಗಲೂ ಅವನು ಅಷ್ಟು ಕಡೆ ತಿರುಗಿರಲಿಲ್ಲ. ಮೊದಲು ರಾಯಚೂರಿನಲ್ಲಿ ಖಾಜಾಮಿಯಾನ ಗುಜರಿ ಅಂಗಡಿ. ಅಲ್ಲಿದ್ದ ಕೊಡಲಿಯ ಅಲಗುಗಳನ್ನೆಲ್ಲ ಒಂದೊಂದಾಗಿ ಎತ್ತಿ, ತೂಗಿ, ಬೆರಳಲ್ಲಿ ಬಡಿದು, ಕಿವಿಗಿಟ್ಟು ಕೇಳಿದ.

"ಸಾಬ್, ಕೊಡ್ಲಿ ತಗೊಂತೀರೋ, ಕಲ್ಲಂಗಡಿ ತಗೊಂತೀರೋ?" ಎಂದ ಖಾಜಾಮಿಯಾ.

ಒಳ್ಳೆಯ ಅಲಗುಗಳೆಲ್ಲ ಗಡಿಗೆಪ್ಪನಿಗೆ ಹಳ್ಳಿಗಾಡಿನವಾಗಿ ಕಂಡವು. ಕೊನೆಗೆ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದನ್ನು ಎತ್ತಿದ. ಅದರ ಒಂದು ಬದಿ ಯಾವ ಕಲ್ಲಿಗೆ ಬಡಿದೋ ಮುರಿದುಹೋಗಿತ್ತು. ಆ ಮುರುಕಿನಿಂದಾಗಿ ಭಜಿಯ ಕಾಗದದ ಚಿತ್ರಕ್ಕೆ ತಾಳೆಯಾಗುತ್ತಿತ್ತು. ಅವನ ಮುಖ ಅರಳಿದ್ದನ್ನು ಖಾಜಾಮಿಯಾ ನೋಡಿಬಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಮುರುಕು ನಿಜಾಮನ ಕಾಲದ್ದಾಯಿತು, ಹೈದರಾಬಾದಿನ ಯಾವುದೋ ನವಾಬನ ಶಿಕಾರಿ ಸಾಮಾನಾಯಿತು. ರೇಟೂ ಅದಕ್ಕೆ ತಕ್ಕಂತೆ ಆಯಿತು.

ಇನ್ನು ಹಿಡಿ. ನಮ್ಮ ಕಡೆ ಅದಕ್ಕೆ ಕಾವು ಎನ್ನುತ್ತಾರೆ. ಕಾವಿಗಾಗಿ ರಜೆ ಹಾಕಿ ಮಾನ್ವಿ ತಾಲೂಕಿನ ಮಲ್ಲಟಕ್ಕೆ ಹೋದ. ಅಲ್ಲಿ ದುರುಗಮ್ಮನ ಸೋದರಮಾವ ಪಕೀರಪ್ಪನ ಹೊಲ, ಮನೆ. ಮುದುಕ ಅಟ್ಟದಿಂದ ಒಣಗಿದ ಜಾಲಿಯ ಕಾವು ತೆಗೆದುಕೊಟ್ಟ. ಗಡಿಗೆಪ್ಪ ಅದನ್ನು ಮುಟ್ಟಲೂ ಇಲ್ಲ. ಅದು ಡೊಂಕಂತೆ, ಬಣ್ಣವಿಲ್ಲವಂತೆ. ಅವನ ಕಣ್ಣು ಪಡಸಾಲೆಯಲ್ಲಿ ಕಾಲು ಮುರಿದು ಬಿದ್ದಿದ್ದ ಹಳೆಯ ಮಂಚದ ಮೇಲೆ ಹೋಯಿತು. ತೇಗದ ಕಾಲು. ನುಣ್ಣಗೆ ಕಡೆದು, ಕೆಂಪು, ಹಸಿರು ಅರಗಿನ ಬಳೆ ಎಳೆದದ್ದು.

"ಮಾವಾ, ಇದನ್ನ ಕೊಡ್ರಿ."

"ಅದು ಮಂಚದ ಕಾಲೋ ಮಾರಾಯ. ಅದರ ಮ್ಯಾಲ ಮಲಗ್ಬೇಕು, ಅದರಲೆ ಕಡೀತಾರೇನು?"

"ನಿಮಗ ತಿಳ್ಯಾಂಗಿಲ್ಲ ಬಿಡ್ರಿ. ಇದು ಔಟ್‌ಡೋರ್ ಸಾಮಾನು."

"ಮಂಚ ಹೊರಗ ಹಾಕಿದ್ರ ಅದೂ ಔಟ್‌ಡೋರೇ" ಎಂದು ಪಕೀರಪ್ಪ ಕಾಲು ಕಿತ್ತುಕೊಟ್ಟ. ಅಳಿಯನಿಗೆ ಬುದ್ಧಿ ಹೇಳುವುದಕ್ಕಿಂತ ಮಂಚದ ಕಾಲು ಕೊಡುವುದು ಸುಲಭವೆಂದು ಅವನಿಗೆ ತೋರಿತು.

ಮುರುಕು ಅಲಗಿಗೆ ಮಂಚದ ಕಾಲು ಸೇರಿದ್ದೇ ತಡ, ಗಡಿಗೆಪ್ಪನಿಗೆ ಅಲಂಕಾರದ ಚಿಂತೆ ಹತ್ತಿತು. ಚಿತ್ರದಲ್ಲಿ ಗರಿಯಿದೆ, ಗೊಂಡೆಯಿದೆ, ಅಲಗಿನ ಮೇಲೆ ಏನೋ ಕೆತ್ತನೆಯಿದೆ. ದೇವದುರ್ಗದಲ್ಲಿ ಇಂಥ ಕೆಲಸ ಬಲ್ಲವನು ಹಿತ್ತಾಳೆ ಕೆಲಸದ ಅಮೀರ್ ಸಾಬ್ ಒಬ್ಬನೇ. ಆದರೆ ಮೊಹರಂ ಹತ್ತಿರ ಬಂದಿತ್ತು. ನಮ್ಮ ಕಡೆ ಆ ಹಬ್ಬಕ್ಕೆ ಹಿಂದೂ, ಮುಸ್ಲಿಂ ಎಂದಿಲ್ಲ. ಅಲಾಯಿ ಕುಣಿ ತೋಡಿ ಬೆಂಕಿ ಹಾಕಿದರೆಂದರೆ ಊರಿಗೆ ಊರೇ ಅದರ ಸುತ್ತ ಇರುತ್ತದೆ. ಹರಕೆ ಹೊತ್ತವರು ಬೆಳ್ಳಿಯ ಕೈ, ಹಿತ್ತಾಳೆಯ ಕುದುರೆ ಲಾಳ, ಏನೇನೋ ಮಾಡಿಸುತ್ತಾರೆ. ಅಮೀರ್ ಸಾಬನ ಅಂಗಡಿಯ ಮುಂದೆ ಅವರದೇ ಸಾಲು, ಅವರದೇ ಪಾಳಿ.

ಅಮೀರ್ ಸಾಬ್ ಕೊಡಲಿಯನ್ನು ತಿರುಗಿಸಿ ನೋಡಿ ಕೇಳಿದ: "ಹರಕಿದು ಏನ್ರೀ? ಹರಕಿದು ಇದ್ರ ಈಗ ಮಾಡಿ ಕೊಡ್ತೀನಿ. ಸಂಸಾರದ್ದು ಇದ್ರ ಹಬ್ಬ ಆದಮ್ಯಾಲ ಬರ್ರಿ."

ಹಬ್ಬ ಆದಮೇಲೆ ಎಂದರೆ ಕ್ಯಾಂಪೂ ಆದಮೇಲೆ. ಗಡಿಗೆಪ್ಪ ಹಿಂದೆಮುಂದೆ ನೋಡಲಿಲ್ಲ.

"ಹರಕಿದೇ ಸಾಬ್ರ."

ಒಂದು ಸುಳ್ಳಿನಿಂದ ಪಾಳಿಯಲ್ಲಿದ್ದ ಊರ ಮಂದಿಯನ್ನೆಲ್ಲ ಹಿಂದೆ ಹಾಕಿ ಮುಂದೆ ಬಂದೆನೆಂದು ಅವನು ಆ ಸಂಜೆ ನನ್ನ ಮುಂದೆ ಎಷ್ಟು ಹಿಗ್ಗಿದನೆಂದರೆ ನನಗೆ ಅಸಹ್ಯವಾಯಿತು.

ಅಮೀರ್ ಸಾಬ್ ಹರಕೆಯೆಂದರೆ ಕೈ ಬಿಚ್ಚಿ ಮಾಡುವವನು. ಅಲಗಿನ ಎರಡೂ ಬದಿಗೆ ಐದು ಬೆರಳಿನ ಪಂಜಾ ಕೆತ್ತಿದ. ಕಾವಿನ ಉದ್ದಕ್ಕೂ ಹಿತ್ತಾಳೆಯ ಚಂದ್ರಗಳನ್ನು ಬಡಿದ. ತುದಿಗೆ ಹಸಿರು ರೇಷ್ಮೆಯ ಗೊಂಡೆ, ನವಿಲುಗರಿ, ಎರಡು ಸಾಲು ಗೆಜ್ಜೆ. ಗಡಿಗೆಪ್ಪ ಭಜಿಯ ಕಾಗದ ಹಿಡಿದು ತಾಳೆ ನೋಡಿದ. ಗರಿಗೆ ಗರಿ, ಗೊಂಡೆಗೆ ಗೊಂಡೆ. "ಅಮೆರಿಕಾದವ್ರು ಸೈತ ಬಾಯಿ ಮುಚ್ಚಬೇಕು" ಎಂದ. ಗೆಜ್ಜೆ ಯಾಕೆಂದು ನಾನು ಕೇಳಿದ್ದಕ್ಕೆ, ಕಾಡಿನಲ್ಲಿ ಪ್ರಾಣಿ ಹತ್ತಿರ ಬರದಿರಲಿ ಎಂದು ವಿವರಣೆ ಕೊಟ್ಟ.

ಪ್ರಾಣಿ ಬರಲಿಲ್ಲ, ಮನುಷ್ಯರು ಬಂದರು. ಅಮೀರ್ ಸಾಬನ ಹೆಂಡತಿ ಮುನವ್ವರ್ ಬೀ ನೀರಿನ ನಳದ ಹತ್ತಿರ ಸುದ್ದಿ ಬಿಟ್ಟಿದ್ದಳು. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಒಬ್ಬ ದಾರಿ ಬಿಟ್ಟು ನಿಂತ, ಇನ್ನೊಬ್ಬ ಚಪ್ಪಲಿ ಬಿಟ್ಟ, ಹೋಟೆಲಿನವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಕೊಡಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಗಡಿಗೆಪ್ಪ ಇದೆಲ್ಲ ತನ್ನ ಗತ್ತಿಗೆ ಸಿಕ್ಕ ಮರ್ಯಾದೆ ಎಂದುಕೊಂಡು ಎದೆ ಇನ್ನಷ್ಟು ಮುಂದೆ ತಂದ.

ಮನೆಯಲ್ಲಿ ಯಮನಮ್ಮ ಅವನ ಕೈಯಿಂದ ಕೊಡಲಿ ಕಸಿದುಕೊಂಡಳು.

"ಬಚ್ಚಲದ ಮಗ್ಗಲದಾಗ ಇಡ್ತೀ ಏನಲೇ ಇದನ್ನ? ಬುದ್ಧಿ ಐತಿಲ್ಲೋ ನಿನಗ?" ಎಂದು ಬೈದು, ಗೋಡೆಯಲ್ಲಿನ ತನ್ನ ದೇವರ ಮಾಡದಲ್ಲಿ ಇಟ್ಟು ಊದುಬತ್ತಿ ಹಚ್ಚಿದಳು. ಹಿತ್ತಲಿನ ಬೇವಿನ ಮರಕ್ಕೆ ಎಸೆದು ಎಸೆದು ಕೈ ಪಳಗಿಸಬೇಕೆಂದಿದ್ದ ಗಡಿಗೆಪ್ಪ, ಮಾಡದ ಮುಂದೆ ಕೈಕಟ್ಟಿ ಕುಳಿತ. ಓಣಿಯ ಹೆಂಗಸರು ಬಂದು ಸಕ್ಕರೆ ಇಟ್ಟು ಹೋದರು. ಅವನು ಆ ಸಕ್ಕರೆಯಿಂದ ಚಹಾ ಮಾಡಿಕೊಂಡ. ನಾನೂ ಕುಡಿದೆ, ಚೆನ್ನಾಗಿತ್ತು.

ಮರುದಿನ ಮುಜಾವರ ಅಲ್ಲಾಉದ್ದೀನ್ ಬಂದರು. ಬಿಳಿ ಗಡ್ಡದ ಹಿರಿಯ ಜೀವ. ಅಲಾಯಿ ದೇವರ ಸೇವೆ ಅವರ ಮನೆತನದ್ದು.

"ಗಡಿಗೆಪ್ಪ, ಭಾಳ ಖುಷಿ ಆತು ನೋಡಪ್ಪ. ಹರಕಿ ಕೊಡ್ಲಿ ಮಾಡ್ಸಿ ಕುಣಿಗೆ ಕಟ್ಟಿಗಿ ಕಡಿಯೋ ಮಂದಿ ನಮ್ಮ ಅಪ್ಪನ ಕಾಲಕ್ಕೇ ಮುಗದ್ರು. ನೀನು ಮತ್ತ ಸುರು ಮಾಡಿದಿ. ಒಂದು ಮಾತು ನೆಪ್ಪಿರ್ಲಿ. ಮೊದಲ್ನೇ ಏಟು ಕುಣಿ ಕಟ್ಟಿಗಿಗೇ ಬೀಳಬೇಕು. ಅಲ್ಲೀತನ ಅದು ಒಂದು ಕಡ್ಡೀನೂ ಕಡೀಬಾರದು."

"ಮತ್ತ ಕ್ಯಾಂಪ್..." ಎಂದ ಗಡಿಗೆಪ್ಪ.

"ಯಾವ ಕ್ಯಾಂಪ್?"

"ಏನಿಲ್ರಿ."

"ಏನಂತ ಹರಕಿ ಹೊತ್ತೀಯಪ್ಪ? ಹೇಳಂಗಿದ್ರ ಹೇಳು."

ಸುಳ್ಳು ಹೇಳುವವನಿಗೆ ಎರಡನೆಯ ಸುಳ್ಳೂ ಸಿದ್ಧವಿರಬೇಕು. ಗಡಿಗೆಪ್ಪನಿಗೆ ಮೊದಲನೆಯದೇ ಹೇಗೋ ಬಂದಿತ್ತು. "ಮನಸಿನ್ಯಾಗ ಐತ್ರಿ" ಎಂದು ತಲೆ ತಗ್ಗಿಸಿದ.

ಊರಿನವರು ಹೀಗೆ ಬಾಯಿ ಮುಚ್ಚಿಕೊಂಡವನ ಮನಸ್ಸನ್ನು ತಾವೇ ತೆರೆದು ನೋಡುತ್ತಾರೆ. ಚಹಾದಂಗಡಿಯಲ್ಲಿ ಚರ್ಚೆಯಾಯಿತು. ಮಕ್ಕಳಿಗಾಗಿ ಎಂದರೆ ಮಕ್ಕಳಿದ್ದಾರೆ. ರೋಗಕ್ಕಾಗಿ ಎಂದರೆ ತಿಂದುಂಡು ಗುಂಡಗಿದ್ದಾನೆ. ಕೊನೆಗೆ ಹೋಟೆಲಿನವನು ತೀರ್ಪು ಕೊಟ್ಟ: "ಸರಕಾರಿ ನೌಕರ ವರ್ಗಾದ ಸಂಬಂಧ ಅಲ್ದ ಇನ್ಯಾತಕ್ಕ ಹರಕಿ ಹೊರ್ತಾನ? ಹೆಂಡ್ತಿ ರಾಯಚೂರಾಗ ಅದಾಳ, ಇಂವ ಇಲ್ಲಿ ಅದಾನ. ವಾರಕ್ಕೊಮ್ಮೆ ಹೋಗಿ ಬರಬೇಕಾದ್ರ ಇವನ ಮಾರಿ ನೋಡೀರೇನು? ಇಲ್ಲಿಂದ ನನ್ನ ಕೀಳಬ್ಯಾಡಪ್ಪೋ ಅಂತ ಹೊತ್ತಾನ!" ಅಲ್ಲಿದ್ದ ಗಂಡಸರೆಲ್ಲ ಇದನ್ನು ತಕ್ಷಣ ಒಪ್ಪಿದರು. ಮದುವೆಯಾದವರು ಹೆಚ್ಚು ಬೇಗ ಒಪ್ಪಿದರು.

ಕ್ಯಾಂಪಿನ ದಿನ ಬಂತು. ಯಮನಮ್ಮ ಸಂತೆಗೆ ಹೋದ ಹೊತ್ತು ನೋಡಿ ಗಡಿಗೆಪ್ಪ ಮಾಡದಿಂದ ಟೊಮಹಾಕನ್ನು ಎತ್ತಿ ಸೊಂಟಕ್ಕೆ ಸಿಗಿಸಿ ಜೀಪು ಹತ್ತಿದ. ಗೂಗಲ್ ದಾಟಿ ಹೊಳೆಯ ದಂಡೆಯಲ್ಲಿ ಸಾಹೇಬರ ಗುಡಾರ ನಿಂತಿತು. ಸಾಹೇಬರು ಅದರೊಳಗೆ ಮಡಚುವ ಮಂಚದ ಮೇಲೆ ಮಲಗಿ, ಬಾಗಿಲ ಸಂದಿಯಿಂದ ದುರ್ಬೀನು ಹಚ್ಚಿ ಆಚೆ ದಂಡೆಯ ಎಮ್ಮೆಗಳನ್ನು ಶೋಧಿಸುತ್ತಿದ್ದರು.

ಗೆಜ್ಜೆಯ ಸದ್ದಿಗೆ ಹೊರಳಿ ನೋಡಿದರು. "ಏನಯ್ಯಾ ಅದು?"

"ಟೊಮಹಾಕ್ ಸಾರ್. ನನ್ನ ಸ್ವಂತದ್ದು. ಯಾವಾಗ್ಲೂ ಜೋಡಿ ಇರ್ತದ್ರಿ."

"ಭೇಷ್! ಎಂಥಾ ಕೆಲಸ, ಎಂಥಾ ಕೆತ್ತನೆ! ನೋಡಯ್ಯ ಸಾಬಣ್ಣ, ಹೀಗಿರಬೇಕು ಮನುಷ್ಯ. ನೀನೇನು ತಂದಿದ್ದೀಯ?"

ನಾನು ಚಾಪೆ ತಂದಿದ್ದೆ. ಹೇಳಿದೆ. ಸಾಹೇಬರು ನನ್ನ ಕಡೆ ಮತ್ತೆ ನೋಡಲಿಲ್ಲ. ರಾಯಚೂರಿನ ಕುರ್ಚಿ ನನ್ನ ಕಣ್ಣ ಮುಂದೆಯೇ ಗಡಿಗೆಪ್ಪನ ಬುಡಕ್ಕೆ ಸರಿಯಿತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

"ಸರಿ, ಒಲೆಗೆ ನಾಲ್ಕು ಕಟ್ಟಿಗೆ ಕಡಿ ನೋಡೋಣ" ಎಂದರು ಸಾಹೇಬರು.

ಅಷ್ಟರಲ್ಲಿ ದಂಡೆಯ ಮೇಲೆ ಟ್ರ್ಯಾಕ್ಟರ್ ಸದ್ದು. ಟ್ರಾಲಿ ತುಂಬ ದೇವದುರ್ಗದ ಮಂದಿ. ಸಂತೆಯಿಂದ ಬಂದ ಯಮನಮ್ಮ ಮಾಡ ಖಾಲಿಯಿರುವುದನ್ನು ಕಂಡು ಊರೆಬ್ಬಿಸಿದ್ದಳು. ಸಾಹೇಬರ ಜೀಪು ಯಾವ ಕಡೆ ಹೋಯಿತೆಂಬುದು ಊರಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಇಳಿದವಳೂ ಅವಳೇ.

"ಲೇ ಗಡಿಗೆಪ್ಪಾ! ಕೋಳಿ ಕುದಿಸಾಕ ಹರಕಿ ಕೊಡ್ಲಿಲೆ ಕಟ್ಟಿಗಿ ಕಡಿದಿ ಅಂದ್ರ ನಿನ್ನ ಕಾಲು ಮುರೀತೀನಿ!"

ಮುಂದೆ ಸಾಹೇಬರು, ಹಿಂದೆ ಊರು. ಕಡಿದರೆ ಊರು ಬಿಡುವುದಿಲ್ಲ, ಕಡಿಯದಿದ್ದರೆ ಕುರ್ಚಿ ಉಳಿಯುವುದಿಲ್ಲ. ಗಡಿಗೆಪ್ಪ ಒಂದು ಸಲ ಮುಂದೆ, ಒಂದು ಸಲ ಹಿಂದೆ ನೋಡಿದ. ಅವನು ಹುಟ್ಟಿದಾಗಿನಿಂದ ಮಾಡಿದ ವಿಚಾರಗಳಲ್ಲೆಲ್ಲ ದೊಡ್ಡ ವಿಚಾರವನ್ನು ಆಗ ಮಾಡಿದ.

"ಕಡ್ಯಾಂಗಿಲ್ಲ ಯವ್ವಾ, ಬರೇ ಎಸೀತೀನಿ! ಎಸದ್ರ ಕಡದಂಗ ಅಲ್ಲ!"

ಎಂದವನೇ ಗುಡಾರದ ಆಚೆಗಿದ್ದ ಜಾಲಿ ಮರಕ್ಕೆ ಗುರಿಯಿಟ್ಟು, ಒಂದು ಕಾಲು ಎತ್ತಿ, ಟೊಮಹಾಕನ್ನು ಬೀಸಿದ. ಮಂಚದ ಕಾಲು ಮಂಚದ ಕಾಲಾಗಿಯೇ ಅವನ ಕೈಯಲ್ಲಿ ಉಳಿಯಿತು. ಅಲಗು ಮಾತ್ರ ಕಿತ್ತುಕೊಂಡು ಹಾರಿ, ಗುಡಾರದ ಹಗ್ಗವನ್ನು ಕತ್ತರಿಸಿ, ಗೂಟದ ಪಕ್ಕ ನೆಲಕ್ಕೆ ನಾಟಿತು. ಗುಡಾರ ಒಮ್ಮೆ ತೂಗಾಡಿ, ಮೆತ್ತಗೆ ಸಾಹೇಬರ ಮೇಲೆ ಕುಳಿತುಕೊಂಡಿತು. ಒಳಗೆ ಮಡಚುವ ಮಂಚ ಮಡಚಿಕೊಂಡ ಸದ್ದು ಕೇಳಿಸಿತು.

ಜನ ದಂಗಾಗಿ ಕೈಮುಗಿದರು. "ನೋಡಿದ್ರಿಲ್ಲೋ! ಬ್ಯಾರೆ ಕೆಲಸಕ್ಕ ಎತ್ತಿದ್ರ ಕೈಯಾಗ ನಿಲ್ಲಂಗಿಲ್ಲ ಅದು" ಎಂದ ಹೋಟೆಲಿನವನು. ಬೆಣೆ ಹಾಕದೆ ಮಂಚದ ಕಾಲಿಗೆ ಸಿಗಿಸಿದ ಅಲಗು ಎಲ್ಲಿಯೂ ನಿಲ್ಲುವುದಿಲ್ಲವೆಂದು ಹೇಳುವಷ್ಟು ಮೂರ್ಖ ನಾನಾಗಿರಲಿಲ್ಲ.

ಸಾಹೇಬರು ಬಟ್ಟೆಯೊಳಗಿಂದ ತೆವಳಿಕೊಂಡು ಬಂದರು. ಟೋಪಿ ಇಲ್ಲ. ದುರ್ಬೀನು ಬೆನ್ನ ಮೇಲೆ. ಬೈಯಲು ಬಾಯಿ ತೆರೆದರು, ನೋಡಿದರೆ ಟ್ರಾಲಿ ತುಂಬ ಜನ ಕೈಮುಗಿದು ನಿಂತಿದ್ದಾರೆ. ಅದು ತಮಗೆಂದು ತಿಳಿದು ಅವರ ಸಿಟ್ಟು ಅರ್ಧಕ್ಕೆ ಇಳಿಯಿತು. ಮಿಕ್ಕರ್ಧ ಜನರ ಸಂಖ್ಯೆ ನೋಡಿ ಇಳಿಯಿತು.

"ಏನ್ರಪ್ಪಾ, ಏನು ಸಮಾಚಾರ?"

ಅಲ್ಲಾಉದ್ದೀನ್ ಮುಂದೆ ಬಂದರು. "ಸಾಹೇಬ್ರ, ಈ ಗಡಿಗೆಪ್ಪ ಹರಕಿ ಹೊತ್ತಾನ್ರಿ. ನನ್ನ ದೇವದುರ್ಗದಿಂದ ಕೀಳಬ್ಯಾಡ ಅಂತ. ನೀವು ದೊಡ್ಡ ಮನಸು ಮಾಡಬೇಕು. ಹಿಡದ ಹರಕಿ ಐದು ವರ್ಷ ನಡಸಬೇಕ್ರಿ. ನಡುವ ಬಿಡಂಗಿಲ್ಲ."

"ಐದು...!" ಎಂದ ಗಡಿಗೆಪ್ಪ. ಅವನ ಕೈಯಲ್ಲಿದ್ದ ಮಂಚದ ಕಾಲಿನ ಗೆಜ್ಜೆ ತಾನಾಗಿಯೇ ಗಲಗಲ ಎಂದಿತು. "ಸಾರ್, ನಾ ಹಂಗ..."

"ಏನಯ್ಯಾ ಸಾಬಣ್ಣ, ಇದು ನಿಜಾನಾ?" ಎಂದು ಸಾಹೇಬರು ನನ್ನ ಕಡೆ ತಿರುಗಿದರು. ಚಾಪೆಯ ಮಾತಾದ ಮೇಲೆ ಮೊದಲ ಸಲ ತಿರುಗಿದ್ದು.

ದೇವರು ಮನುಷ್ಯನಿಗೆ ಅವಕಾಶ ಕೊಡುವುದು ಅಪರೂಪ. ಕೊಟ್ಟಾಗ ಸಂಕೋಚಪಡಬಾರದು. "ಭಕ್ತರ ಮನಸು ನಮಗೇನು ಗೊತ್ತಾಗಬೇಕ್ರಿ ಸಾರ್" ಎಂದೆ. "ಆದ್ರ ಇಡೀ ಊರು ಸುಳ್ಳು ಹೇಳಂಗಿಲ್ಲ."

ಗಡಿಗೆಪ್ಪ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ. ನಿಜ ಹೇಳಲು ಅವನಿಗೂ ದಾರಿಯಿತ್ತು. ಹರಕೆ ಸುಳ್ಳೆಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಪಾಳಿಯಲ್ಲಿ ಅವನಿಂದ ಹಿಂದೆ ಬಿದ್ದವರೆಲ್ಲ ಆ ಟ್ರಾಲಿಯಲ್ಲೇ ಇದ್ದರು. ಅಮೀರ್ ಸಾಬ್ ಎಲ್ಲರಿಗಿಂತ ಮುಂದೆ, ಸುತ್ತಿಗೆ ಸಮೇತ.

"ಆಯ್ತಪ್ಪ!" ಎಂದು ಸಾಹೇಬರು ಕೈಯೆತ್ತಿದರು. "ಜನರ ಭಕ್ತಿಗೆ ನಾನು ಅಡ್ಡ ಬರಲ್ಲ. ಐದು ವರ್ಷ ಇವನನ್ನ ಇಲ್ಲಿಂದ ಯಾರೂ ಅಲುಗಾಡಿಸದ ಹಾಗೆ ನಾನೇ ಬರೆದಿಡ್ತೀನಿ. ಏನೂ ಹೇಳ್ಬೇಡ ಗಡಿಗೆಪ್ಪ, ನಿನ್ನ ಕಣ್ಣೀರೇ ಹೇಳ್ತಾ ಇದೆ."

ಜನ ಜೈಕಾರ ಹಾಕಿದರು. ಸಾಹೇಬರು ಟೋಪಿ ಹುಡುಕಿಸಿ ಹಾಕಿಕೊಂಡರು.

ಕಟ್ಟಿಗೆ ಕಡಿಯುವ ದಿನ ಊರ ಹೊರಗೆ ಒಂದು ಒಣಗಿದ ಜಾಲಿ ಮರ ತೋರಿಸಿ ಗಡಿಗೆಪ್ಪನನ್ನು ನಿಲ್ಲಿಸಿದರು. ಮುರುಕು ಅಲಗು ಮರಕ್ಕೆ ಹತ್ತಲಿಲ್ಲ, ಹತ್ತಿದರೆ ಬಿಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಂಗೈ ತುಂಬ ಗುಳ್ಳೆ ಎದ್ದವು. ಇನ್ನೊಬ್ಬರು ಕೈ ಹಾಕುವಂತಿಲ್ಲ, ಹರಕೆ ಅವನದು. ಅವನು ನೋವಿನಿಂದ ಅತ್ತಾಗಲೆಲ್ಲ ಯಮನಮ್ಮ ಪಕ್ಕದವಳಿಗೆ "ಎಂಥಾ ಭಕ್ತಿ ನೋಡವ್ವಾ" ಎನ್ನುತ್ತಿದ್ದಳು.

ಸುದ್ದಿ ಕೇಳಿ ದುರುಗಮ್ಮ ಜೀವಮಾನದಲ್ಲಿ ಮೊದಲ ಸಲ ದೇವದುರ್ಗದ ಬಸ್ಸು ಹತ್ತಿ ಬಂದಳು. ಜನ ದಾರಿ ಬಿಟ್ಟರು. ಅವಳು ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನನ್ನ ಹಂತ್ಯಾಕ ಬರಬಾರದಂತ ಹರಕಿ ಹೊತ್ತೀ?"

"ಇಲ್ಲ ಬೇ, ನಿನ್ನ ಹಂತ್ಯಾಕ ಬರಬೇಕಂತನ ಇಷ್ಟೆಲ್ಲಾ..."

"ಸಾಕು ಮುಚ್ಚು. ಮನ್ಯಾಗ ಒಂದು ಕಾಯಿ ಒಡಿ ಅಂದ್ರ ಕೈನೋವು ಅಂತಿದ್ದಿ. ಇಲ್ಲಿ ಗಿಡಾ ಕಡ್ಯಾಕತ್ತೀ." ಅಷ್ಟು ಹೇಳಿ ಅದೇ ಬಸ್ಸಿಗೆ ವಾಪಸು ಹೋದಳು.

ರಾಯಚೂರಿನ ಕುರ್ಚಿಗೆ ನನ್ನ ಹೆಸರು ಬಂತು. ಬೇರೆ ಹೆಸರೇ ಇರಲಿಲ್ಲವಲ್ಲ. ಹೊರಡುವ ದಿನ ನನ್ನ ಟ್ರಂಕನ್ನು ಗುಳ್ಳೆ ಬಿದ್ದ ಕೈಯಲ್ಲೇ ಹೊತ್ತು ತಂದು ಬಸ್ಸಿನ ಮೇಲೆ ಹಾಕಿದವನು ಗಡಿಗೆಪ್ಪ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಕಿಟಕಿಯ ಹತ್ತಿರ ಬಂದು ಧ್ವನಿ ತಗ್ಗಿಸಿದ.

"ಸಾಬಣ್ಣ, ರಾಯಚೂರಿನ ದೊಡ್ಡ ಸಾಹೇಬ್ರಿಗೆ ಮೀನ ಹಿಡಿಯೋ ಹುಚ್ಚು ಐತಂತ, ಹೌದೇನಲೇ? ಗಾಳ ಎಂಥಾದ್ದು ಇಷ್ಟ ಅಂತ ಒಂದೀಟು ತಿಳ್ಕೊಂಡು ಹೇಳು."

ನಾನು ಉತ್ತರ ಕೊಡುವಷ್ಟರಲ್ಲಿ ಅಲ್ಲಾಉದ್ದೀನ್ ಬಂದು ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಇಲ್ಲಿ ಅದಿಯೇನಪ್ಪ? ಬಾ ಬಾ, ಮುಂದಿನ ವರ್ಷಕ್ಕ ಗಿಡ ನೋಡಿ ಬಂದೀವಿ. ಈ ಸಲದ್ದು ನಿನ್ನ ಭಕ್ತಿಗೆ ಸಣ್ಣದಾತು ಅಂತ ಮಂದಿ ಅನ್ನಾಕತ್ತಾರ. ಹುಣಸಿ ಗಿಡ ಅದ. ಮೂರು ಮಂದಿ ಕೂಡಿ ತೆಕ್ಕಿ ಹಾಕಿದ್ರೂ ಹಿಡ್ಯಾಂಗಿಲ್ಲ."

ಬಸ್ಸು ಹೊರಟಿತು. ನಾನು ಹಿಂತಿರುಗಿ ನೋಡಲಿಲ್ಲ. ನಗು ತಡೆಯುವುದು ಕಷ್ಟವಾಗುತ್ತಿತ್ತು.